ಹೆಡ್‌ಲೈನಿನ ಸಂಖ್ಯೆ ಯಾವ ದಿನದ್ದು?

ಕೋವಿಡ್ ಕಾಲದ ಪತ್ರಿಕೆಗಳನ್ನು ಈಗ ತಿರುವಿ ಹಾಕಿದರೆ ದೇಶಗಳಿಗೆ ರ‍್ಯಾಂಕ್ ಹಂಚಿದ ಹಾಗೆ ಕಾಣುತ್ತದೆ. ಇವರು ಗೆದ್ದರು, ಅವರು ಸೋತರು. ನನ್ನ ತಕರಾರು ಇಷ್ಟೇ: ಆ ಪಟ್ಟಿಯಲ್ಲಿ ಕಂಡದ್ದು ಎಷ್ಟೋ ಸಲ ರೋಗವಲ್ಲ, ಆಯಾ ಸರ್ಕಾರ ಲೆಕ್ಕ ಇಟ್ಟ ರೀತಿ.

2020ರ ಏಪ್ರಿಲ್‌ನಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಸಾವು ಅತಿ ಹೆಚ್ಚಿದ್ದ ದೇಶಗಳಲ್ಲಿ ಬೆಲ್ಜಿಯಂ ಒಂದು. ವೃದ್ಧಾಶ್ರಮಗಳಲ್ಲಿ ಟೆಸ್ಟ್ ಆಗದೆ ತೀರಿಕೊಂಡವರನ್ನೂ, ಕೋವಿಡ್ ಅನುಮಾನ ಇದ್ದರೆ ಸಾಕು, ಅದು ಎಣಿಸುತ್ತಿತ್ತು. ಟೆಸ್ಟ್ ಆದವರನ್ನಷ್ಟೇ ಎಣಿಸಿದ ದೇಶಗಳ ಪಕ್ಕ ಅದನ್ನಿಟ್ಟು ಛೀಮಾರಿ ಹಾಕಿದ್ದಾಯಿತು. ಇದೇನು ಹೊಸದಲ್ಲ ಬಿಡಿ. 1918ರಲ್ಲಿ ಜಗತ್ತಿಗೆಲ್ಲ ಫ್ಲೂ ಜ್ವರ ಹಬ್ಬಿದಾಗ ಯುದ್ಧನಿರತ ದೇಶಗಳು ಪತ್ರಿಕೆಗಳ ಬಾಯಿ ಕಟ್ಟಿದ್ದವು. ತಟಸ್ಥ ಸ್ಪೇನ್‌ನ ಪತ್ರಿಕೆಗಳು ಬರೆದವು, ಜ್ವರಕ್ಕೆ ಸ್ಪೇನ್ ಹೆಸರೇ ಅಂಟಿತು.

ಇಂಗ್ಲೆಂಡಿನದು ಇನ್ನೊಂದು ಬಗೆ. 2020ರ ಅಕ್ಟೋಬರ್ 3ರಂದು ಬ್ರಿಟನ್ನಿನ ಹೊಸ ಪ್ರಕರಣ 12,872, ಮರುದಿನ 22,961. ಒಂದೇ ರಾತ್ರಿಯಲ್ಲಿ ಸೋಂಕು ಹಬ್ಬಿದ್ದಲ್ಲ. ಲ್ಯಾಬ್ ಫಲಿತಾಂಶಗಳನ್ನು ಹಳೆಯ ಎಕ್ಸೆಲ್ ಫೈಲಿಗೆ ತುಂಬುತ್ತಿದ್ದರು. ಅದರಲ್ಲಿ ಹಿಡಿಯುವುದು 65,536 ಸಾಲು. ಒಂದು ಪ್ರಕರಣಕ್ಕೇ ಹಲವು ಸಾಲು ಬೇಕು. ತುಂಬಿದ ಮೇಲೆ ಬಂದದ್ದೆಲ್ಲ ಸದ್ದಿಲ್ಲದೆ ಉದುರಿಹೋಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ಬಿಟ್ಟುಹೋದವರು 15,841 ಮಂದಿ. ಸೋಂಕಿತರಿಗೆ ಫಲಿತಾಂಶವೇನೋ ತಲುಪಿತ್ತು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ಮಾತ್ರ ಅಷ್ಟು ದಿನ ನಿಂತಿತ್ತು. ಗ್ರಾಫಿನ ಆ ನೆಗೆತಕ್ಕಿಂತ ದೊಡ್ಡ ಸುದ್ದಿ ಇದು.

ಅದಕ್ಕೂ ಮುಂಚೆ, ಆಗಸ್ಟ್‌ನಲ್ಲಿ, ಪಾಸಿಟಿವ್ ಬಂದ 28 ದಿನದೊಳಗಿನ ಸಾವನ್ನಷ್ಟೇ ಎಣಿಸುವುದೆಂದು ನಿಯಮ ಬದಲಾಗಿ ಬ್ರಿಟನ್ನಿನ ಲೆಕ್ಕದಲ್ಲಿ 5,000ಕ್ಕೂ ಹೆಚ್ಚು ಸಾವು ಕಡಿಮೆಯಾದವು. ಪೆರುವಿನಲ್ಲಿ ಉಲ್ಟಾ: 2021ರ ಮೇ ಕೊನೆಗೆ ಲೆಕ್ಕ ಪರಿಷ್ಕರಿಸಿದಾಗ ಸುಮಾರು 69,000 ಇದ್ದದ್ದು 1,80,000 ದಾಟಿತು.

ಹಾಗಾಗಿ ಇಂಥ ಸುದ್ದಿ ಓದುವಾಗ ಮೊದಲು ನೋಡಬೇಕಾದ್ದು ಅದು ಸತ್ತ ದಿನದ ಲೆಕ್ಕವೋ, ವರದಿಯಾದ ದಿನದ್ದೋ ಎಂಬುದನ್ನು. ವಾರಾಂತ್ಯದಲ್ಲಿ ಕಚೇರಿಗಳು ಅರ್ಧ ಮುಚ್ಚಿರುತ್ತವೆ. ಭಾನುವಾರ, ಸೋಮವಾರ ಇಳಿದ ಸಂಖ್ಯೆ ಮಂಗಳವಾರ ಪುಟಿಯುತ್ತದೆ. ಏಳು ದಿನದ ಸರಾಸರಿ ಇಲ್ಲದ ಇಳಿಕೆಯ ಸುದ್ದಿಯನ್ನು ನಾನಂತೂ ನಂಬುವುದಿಲ್ಲ. ಪ್ರಕರಣ ಇಳಿದಿದೆ ಎಂದರೆ ಎಷ್ಟು ಟೆಸ್ಟ್ ಆಯಿತು ಅಂತಲೂ ಕೇಳಿ. ನೂರರಲ್ಲಿ ಪಾಸಿಟಿವ್ ಪ್ರಮಾಣ ಏರುತ್ತಿದ್ದರೆ ಇಳಿದದ್ದು ಹುಡುಕಾಟ, ಸೋಂಕಲ್ಲ.

ದೇಶ ದೇಶಗಳನ್ನು ಹೋಲಿಸಲೇಬೇಕೆಂದರೆ ಮಾಮೂಲಿ ವರ್ಷಗಳಿಗಿಂತ ಹೆಚ್ಚುವರಿಯಾಗಿ ಎಷ್ಟು ಜನ ಸತ್ತರು ಎಂಬ ಲೆಕ್ಕವೇ ವಾಸಿ. 2020 ಮತ್ತು 2021ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಅಂದಾಜು 1.49 ಕೋಟಿ, ದೇಶಗಳು ತಾವಾಗಿ ವರದಿ ಮಾಡಿದ್ದು ಸುಮಾರು 54 ಲಕ್ಷ. ಭಾರತ ತನ್ನ ಪಾಲಿನ ಅಂದಾಜನ್ನು ಒಪ್ಪದೆ, ಗಣಿತದ ಮಾಡೆಲ್ ಬಳಸಿ ಅಂದಾಜಿಸಿದ ವಿಧಾನಕ್ಕೇ ಆಕ್ಷೇಪ ಎತ್ತಿತು.