ಎಲ್ಲದಕ್ಕೂ ಹೂಂ ಅಂದ್ರ ಐವತ್ತು

ಮೇ ತಿಂಗಳ ರಾಯಚೂರು. ಒಂದು ಕಾಲೇಜಿಗೆ ಪ್ರಾಜೆಕ್ಟ್ ವೈವಾ ತಗೊಳ್ಳೋಕೆ ಹೋಗಿದ್ದೆ. ಕರೆಂಟು ಬಂದು ಹೋಗಿ ಮಾಡ್ತಿತ್ತು. ನಾಲ್ಕನೇ ತಂಡದ ಹುಡುಗರು ಹತ್ತಿ ದರ ನೋಡುವ ಆ್ಯಪ್ ಮಾಡಿದ್ದರು. ಸೀಸನ್ನಿನಲ್ಲಿ ಗಂಜ್‌ಗೇ, ಅಂದ್ರೆ ಕೃಷಿ ಮಾರುಕಟ್ಟೆಗೇ ಹೋಗಿ, ಹತ್ತಿ ಗಾಡಿ ನಿಲ್ಲಿಸಿಕೊಂಡು ಕಾಯ್ತಿದ್ದ ರೈತರ ಕೈಗೆ ಫೋನ್ ಕೊಟ್ಟು, ಹಳೆ ವಿನ್ಯಾಸದಲ್ಲಿ ದರ ಬೇಗ ಸಿಗುತ್ತೋ ಹೊಸದರಲ್ಲೋ ಅಂತ ಸೆಕೆಂಡು ಎಣಿಸಿದ್ದರು. ಲ್ಯಾಬಿನಲ್ಲಿ ಫ್ಯಾನಿನ ಕೆಳಗೆ ಗೆಳೆಯರನ್ನೇ ಕೂರಿಸಿ ಪ್ರಯೋಗ ಮುಗಿಸುವವರೇ ಹೆಚ್ಚು. ಇವರ ಬಗ್ಗೆ ನನಗೆ ಖುಷಿಯಾಯಿತು.

ರಿಸಲ್ಟ್ ಸ್ಲೈಡ್ ಬರೋವರೆಗೆ.

ಎರಡೇ ಕಂಬ. ಒಂದು ಮುಗಿಲಿಗೆ, ಇನ್ನೊಂದು ನೆಲಕ್ಕೆ. ನೋಡಿದರೆ ಲಂಬ ಅಕ್ಷ ಶುರುವಾಗೋದೇ 40 ಸೆಕೆಂಡಿನಿಂದ, ಹಾಗಾಗಿ ಇದ್ದ ವ್ಯತ್ಯಾಸ ಇನ್ನೂ ದೊಡ್ಡದಾಗಿ ಕಾಣ್ತಿತ್ತು. "ಸೊನ್ನೆ ಎಲ್ಲಿ ಹೋತಪ?" ಅಂದೆ. "ಎಕ್ಸೆಲ್ ತಾನೇ ಹಂಗ ಹಾಕೇದ್ರಿ ಮೇಡಂ." ಪಕ್ಕದಲ್ಲಿ ದಪ್ಪಕ್ಷರದಲ್ಲಿ, ವ್ಯತ್ಯಾಸ ಬರೀ ಆಕಸ್ಮಿಕ ಅಂತ ತಳ್ಳಿಹಾಕೋ ಹಾಗಿಲ್ಲ ಅನ್ನೋದಕ್ಕೆ ಹಾಕುವ ಗುರುತು: p < 0.05. ಎಷ್ಟು ಸೆಕೆಂಡು ಉಳಿಯಿತು, ಅದು ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನೋದು ಎಲ್ಲೂ ಇಲ್ಲ. ಎಲ್ಲರಿಗೂ ಹಳೆಯದನ್ನೇ ಮೊದಲು ಕೊಟ್ಟಿದ್ದರಂತೆ. ಎರಡನೇ ಸಲಕ್ಕೆ ಕೈ ಪಳಗಿರಲ್ವಾ? ಅರ್ಧ ಜನಕ್ಕೆ ತಿರುವಿ ಕೊಡಬೇಕಿತ್ತು. ಇರಲಿ, ಇವೆಲ್ಲ ಪುಸ್ತಕದಲ್ಲಿ ಸಿಗುವ ತಪ್ಪುಗಳು.

ನನ್ನ ತಲೆ ಕೊರೆದದ್ದು ಎಸ್‌ಯುಎಸ್ ಅಂಕ. ಸಿಸ್ಟಂ ಯೂಸಬಿಲಿಟಿ ಸ್ಕೇಲ್, ಅಂದ್ರೆ ಬಳಸೋಕೆ ಎಷ್ಟು ಸುಲಭ ಅಂತ ಬಳಸಿದವರನ್ನೇ ಕೇಳೋಕೆ 1986ರಲ್ಲಿ ಜಾನ್ ಬ್ರೂಕ್ ಅನ್ನೋರು ಮಾಡಿದ ಪ್ರಶ್ನಾವಳಿ ಅದು. ಹತ್ತು ವಾಕ್ಯ, ಒಂದೊಂದಕ್ಕೂ 1ರಿಂದ 5. ಒಂದು ವಾಕ್ಯ ಹೊಗಳಿದರೆ ಮುಂದಿನದು ತೆಗಳುತ್ತದೆ. ಹೊಗಳಿದ್ದರ ಅಂಕದಲ್ಲಿ 1 ಕಳೆದು, ತೆಗಳಿದ್ದರ ಅಂಕವನ್ನು 5ರಲ್ಲಿ ಕಳೆದು, ಎಲ್ಲ ಕೂಡಿಸಿ 2.5ರಿಂದ ಗುಣಿಸಬೇಕು. 0ಯಿಂದ 100ರೊಳಗೆ ಬರುವ ಈ ಅಂಕ ಪರ್ಸೆಂಟೇಜ್ ಅಲ್ಲ. ಸಾಮಾನ್ಯ ಸರಾಸರಿ ಅಂತ ಹಿಡಿಯೋದೇ 68. ಹುಡುಗರು ಮಾತ್ರ ತಮ್ಮದನ್ನು ಪರ್ಸೆಂಟ್ ಮಾಡಿ, "ಅರ್ಧಕ್ಕಿಂತ ಹೆಚ್ಚು ತೃಪ್ತಿ" ಅಂತ ಬರೆದಿದ್ದರು.

ಒಬ್ಬೊಬ್ಬರ ಅಂಕ ತೋರಿಸಿ ಅಂದೆ. ಎಕ್ಸೆಲ್ ತೆರೆದರು. 50, 50, 50... ಸಾಲಾಗಿ.

ಎಲ್ಲ ವಾಕ್ಯಕ್ಕೂ 5 ಹಾಕಿ, ಲೆಕ್ಕ 50ಕ್ಕೇ ಬರುತ್ತದೆ. ಎಲ್ಲದಕ್ಕೂ 4 ಹಾಕಿದರೂ ಅಷ್ಟೇ, 3 ಹಾಕಿದರೂ ಅಷ್ಟೇ. "ಆ್ಯಪ್ ಸರಳ ಐತಿ" ಅಂದರೂ ಹೂಂ, "ಆ್ಯಪ್ ಬಾಳ ತೊಡಕೈತಿ" ಅಂದರೂ ಹೂಂ. ಓದೋ ಹುಡುಗ್ರು ಬಿಸಿಲಾಗ ನಿಂತು ಕೇಳ್ಯಾರ, ಇಲ್ಲ ಅಂದು ಯಾಕ ಮನಸ್ಸು ನೋಯಿಸೋದು ಅನ್ನೋ ನಮ್ಮ ಕಡೆಯ ಮರ್ಯಾದೆ ಅದು. ಸರಾಸರಿಯೊಳಗೆ ಸೇರಿದ ಕೂಡಲೇ ಅದೇ ತೃಪ್ತಿ ಅನ್ನಿಸಿಕೊಂಡಿತು. ಗ್ರಾಫಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಚುಕ್ಕೆ ಇಟ್ಟಿದ್ದರೆ ಆ ಸಾಲು ದೂರದಿಂದಲೇ ಕಾಣುತ್ತಿತ್ತು.

ಹಾಳೆಯ ಕೆಳಗಡೆ ಮೂರು ಸಾಲಿಗೆ ಕೆಂಪು ಬಣ್ಣ.

"ಇವರ್ಯಾರು?"

"ಅವ್ರು ಮುಗಿಸ್ಲಿಲ್ರಿ. ಡೇಟಾ ಕ್ಲೀನಿಂಗ್‌ನಾಗ ತೆಗೆದೀವಿ."

ಮೂವರೂ ಕೈಬಿಟ್ಟಿದ್ದು ಹೊಸ ವಿನ್ಯಾಸದಲ್ಲೇ. ತಡವರಿಸಿದವರನ್ನು ತೆಗೆದ ಮೇಲೆ ಉಳಿದವರ ಸರಾಸರಿ ಬೇಗ ಬರದೆ ಇನ್ನೇನು? ಬೈಯೋಕೆ ಬಾಯಿ ತೆರೆದವಳು ಸುಮ್ಮನಾದೆ. ನನ್ನ ಎಂ.ಟೆಕ್. ಥೀಸಿಸ್‌ನಲ್ಲೂ ಹೀಗೇ ಇಬ್ಬರು ಮಾಯವಾಗಿದ್ದರು. ಗೈಡ್ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಏನಾಗಿತ್ತು ಅವರಿಗೆ?" ಅಂದೆ. ಅಲ್ಲಿತನಕ ಇಂಗ್ಲಿಷ್ ಸ್ಲೈಡು ಓದ್ತಿದ್ದ ಹುಡುಗ ಆಗ ಮಾತಾಡಿದ. ಇಬ್ಬರಿಗೆ ಬಿಸಿಲಿಗೆ ಪರದೆಯೇ ಕಾಣಲಿಲ್ಲ. ಇನ್ನೊಬ್ಬ ಅಜ್ಜನ ಬೆರಳು ದುಡಿದು ದುಡಿದು ಒರಟಾಗಿ, ಒಣಗಿ, ಎಷ್ಟು ಒತ್ತಿದರೂ ಪರದೆ ಒಪ್ಪಲೇ ಇಲ್ಲ. "ತಮ್ಮಾ, ಇದು ನನ್ನ ಕೈಗೆ ಬರಂಗಿಲ್ಲ" ಅಂತ ಫೋನ್ ವಾಪಸ್ ಕೊಟ್ಟು, ದಲಾಲಿ ಅಂಗಡಿಗೆ ಹೋಗಿ ಬಾಯಿಲೇ ದರ ಕೇಳಿಕೊಂಡು ಬಂದನಂತೆ.

ಆ ಇಡೀ ವೈವಾದಲ್ಲಿ ನನಗೆ ಸಿಕ್ಕ ರಿಸಲ್ಟ್ ಅದೊಂದೇ.

ಎಷ್ಟು ಜನ ಮುಗಿಸಿದರು ಅನ್ನೋ ಟೇಬಲ್ ಮೊದಲು ಬರಲಿ, ಸೆಕೆಂಡು ಆಮೇಲೆ, ಈ ಮೂವರ ಕಾರಣವನ್ನು ಕನ್ನಡದಲ್ಲೇ ಬರೀರಿ ಅಂದೆ. ಹುಡುಗ ತಲೆ ಕೆರೆದುಕೊಂಡ.

"ಹಂಗ ಬರದ್ರ ನಮ್ ಆ್ಯಪ್ ಫೇಲ್ ಅಂದಂಗ ಆಗ್ತದಲ್ರಿ ಮೇಡಂ. ಮಾರ್ಕ್ಸ್ ಕಟ್ ಆಗಂಗಿಲ್ಲ?"