ಭಾವನ ಸುರಂಗಗಳು

ಕೋಟೆ ಕಟ್ಟಿದ್ದೇ ಹೊರಗಿನವರು ಒಳಗೆ ಬರಬಾರದು ಅಂತ. ನಾವು ರಜೆ ಹಾಕಿ, ಪೆಟ್ರೋಲ್ ಹಾಕಿಸಿ, ಪುಳಿಯೋಗರೆ ಕಟ್ಟಿಕೊಂಡು ಅಲ್ಲಿಗೇ ಹೋಗುತ್ತೇವೆ. ಹೋಗಿ, "ಥೂ, ದಾರಿನೇ ಸರಿಯಿಲ್ಲ" ಅಂತ ಬೈಯುತ್ತೇವೆ. ದಾರಿ ಸರಿ ಇದ್ದಿದ್ದರೆ ಅದು ಕೋಟೆ ಯಾಕಾಗುತ್ತಿತ್ತು? ಕಲ್ಯಾಣ ಮಂಟಪ ಆಗುತ್ತಿತ್ತು.

ಈ ಜ್ಞಾನೋದಯ ನನಗೆ ಆದದ್ದು ಕವಲೇದುರ್ಗದ ಎರಡನೇ ಬಾಗಿಲ ಹತ್ತಿರ, ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲಿನಿಂದ ಉಂಬಳ, ಅಂದರೆ ಮಲೆನಾಡಿನ ರಕ್ತ ಹೀರುವ ಜಿಗಣೆ, ಕೀಳುತ್ತಿದ್ದಾಗ.

ಕವಲೇದುರ್ಗ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಕೆಳದಿ ನಾಯಕರ ಕೋಟೆ. ಅವರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು. ಕವಲೇದುರ್ಗ ಕಷ್ಟಕಾಲಕ್ಕೆ ಇರಲಿ ಅಂತ ಬೆಟ್ಟದ ಮೇಲೆ ಇಟ್ಟುಕೊಂಡ ಗಟ್ಟಿ ಜಾಗ. ಅಲ್ಲಿಗೆ ಹೋಗಲೇಬೇಕು, ಅದೂ ಜುಲೈ ತಿಂಗಳಲ್ಲೇ ಹೋಗಬೇಕು ಅಂತ ಹಟ ಹಿಡಿದವರು ನಮ್ಮ ಭಾವ. ಮಳೆಗಾಲದಲ್ಲಿ ಹಸಿರು ಜಾಸ್ತಿ, ಫೋಟೋ ಚೆನ್ನಾಗಿ ಬರುತ್ತೆ ಅನ್ನುವುದು ಅವರ ವಾದ. ಅದೇ ತಾಲ್ಲೂಕಿನಲ್ಲಿ ಆಗುಂಬೆ ಇದೆ, ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತೆ ಅನ್ನುವುದು ನನ್ನ ವಾದ. ಕಾರು ಭಾವನದ್ದು. ಅವರ ವಾದ ಗೆದ್ದಿತು.

ಊರಿನಲ್ಲಿ ಕಾರು ನಿಲ್ಲಿಸಿ ಇಳಿದಾಗ, ಕಂಬಳಿ ಕೊಪ್ಪೆ ಹಾಕಿಕೊಂಡಿದ್ದ ಹಿರಿಯರೊಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಈ ಮಳೇಲಿ ಎಂತ ನೋಡ್ಲಿಕ್ಕೆ ಬಂದ್ರಿ ಮಾರಾಯ್ರೆ?"

"ಕೋಟೆ" ಅಂದರು ಭಾವ.

"ಕೋಟೆ ಎಲ್ಲಿಗೂ ಹೋಗ್ತಿರ್ಲಿಲ್ಲ. ಡಿಸೆಂಬರಿಗೆ ಬಂದಿದ್ರೂ ಇರ್ತಿತ್ತು."

ಇಷ್ಟು ಹೇಳಿ, ಪಾಪ, ಬಟ್ಟೆಯಲ್ಲಿ ಉಪ್ಪು ಕಟ್ಟಿ ಒಂದು ಕೋಲಿಗೆ ಸಿಕ್ಕಿಸಿ ಕೊಟ್ಟರು. ಉಂಬಳ ಹತ್ತಿದರೆ ಇದನ್ನು ಮುಟ್ಟಿಸಿ, ಬಿಟ್ಟುಬಿಡುತ್ತೆ ಅಂದರು. ಭಾವ ಬೇಡ ಅಂದರು. ಅವರು ಆನ್‌ಲೈನಿನಲ್ಲಿ ಉಂಬಳಕ್ಕೆಂದೇ ಮಾಡಿದ ದಪ್ಪ ಸಾಕ್ಸ್ ತರಿಸಿದ್ದರು. ಮೊಣಕಾಲಿನವರೆಗೂ ಬರುವ ಬಿಳಿ ಸಾಕ್ಸು. ಅಮ್ಮ ಕೊಬ್ಬರಿ ಎಣ್ಣೆಗೆ ನಶ್ಯಪುಡಿ ಕಲಸಿ ಕಾಲಿಗೆ ಬಳಿದುಕೊಂಡು, ಹವಾಯಿ ಚಪ್ಪಲಿಯಲ್ಲೇ ಹೊರಟರು.

ಗದ್ದೆ ಬಯಲು ದಾಟಿದ ಮೇಲೆ ಕಲ್ಲು ಹಾಸಿದ ದಾರಿ ಶುರುವಾಯಿತು. ಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ನೀರು, ನೀರಿನ ಮೇಲೆ ಅಕ್ಕ. ಬಿದ್ದವಳು ಎದ್ದು, ಸೀರೆ ಉಡದೆ ಚೂಡಿದಾರ್ ಹಾಕಿಕೊಂಡು ಬಂದದ್ದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳಿದಳು. ಗಂಡನಿಗೆ ಏನೂ ಹೇಳಲಿಲ್ಲ. ಹೇಳದಿದ್ದದ್ದೇ ಭಾವನಿಗೆ ಜಾಸ್ತಿ ಭಯ ಹುಟ್ಟಿಸಿತು.

ಕವಲೇದುರ್ಗದ ಕೋಟೆ ಮೂರು ಸುತ್ತಿನದು. ದೊಡ್ಡ ದೊಡ್ಡ ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗೋಡೆ. ಒಂದೊಂದು ಬಾಗಿಲಿನ ಒಳಗೂ ಅಕ್ಕಪಕ್ಕ ಕಾವಲುಗಾರರ ಕೋಣೆ. ದಾರಿ ಎಲ್ಲೂ ನೇರ ಹೋಗುವುದಿಲ್ಲ, ತಿರುಗಿ ತಿರುಗಿಯೇ ಹತ್ತಬೇಕು. ಇದು ಹಳೇ ಕೋಟೆಗಳ ಸಾಮಾನ್ಯ ಉಪಾಯ. ನೇರ ದಾರಿ ಇದ್ದರೆ ಶತ್ರುವಿನ ಆನೆ ಓಡಿ ಬಂದು ಬಾಗಿಲಿಗೆ ಗುದ್ದುತ್ತೆ. ತಿರುವಿನಲ್ಲಿ ಆನೆಗೆ ಓಟ ಸಿಗುವುದಿಲ್ಲ. ನಮ್ಮ ಗುಂಪಿಗೂ ಸಿಗಲಿಲ್ಲ. ಅಕ್ಕನ ಮಗ ಮಾತ್ರ, "ಮಾಮ, ನನ್ ಗೇಮಲ್ಲೂ ಹಿಂಗೇ ಇರತ್ತೆ" ಅಂತ ಮೊಬೈಲ್ ಹಿಡಿದು ಮುಂದೆ ಓಡಿದ.

ಉಂಬಳಗಳ ಕೆಲಸವೂ ಅಚ್ಚುಕಟ್ಟು. ಅದು ಕಚ್ಚಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥ ಇದೆ. ಅದು ಕುಡಿದು ಬಿದ್ದುಹೋದ ಮೇಲೂ ರಕ್ತ ಸುರಿಯುತ್ತಲೇ ಇರುತ್ತೆ. ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟಳು, ಅದಕ್ಕೆ ಔರಂಗಜೇಬ ಸೈನ್ಯ ಕಳಿಸಿದ ಅಂತ ಶಾಲೆಯಲ್ಲಿ ಓದಿದ್ದೆವು. ಆ ಸೈನಿಕರ ಕಾಲಿಗೆ ಮಲೆನಾಡಿನಲ್ಲಿ ಏನೇನು ಹತ್ತಿತು ಅನ್ನುವುದು ಮಾತ್ರ ಪಾಠದಲ್ಲಿ ಇರಲಿಲ್ಲ. ಭಾವನ ಬಿಳಿ ಸಾಕ್ಸಿಗೆ ಉಂಬಳಗಳು ಮರ್ಯಾದೆ ಕೊಟ್ಟವು, ಅದನ್ನು ಕಚ್ಚಲಿಲ್ಲ. ಅದರ ಮೇಲೆ ನಡೆದು, ಸಾಕ್ಸು ಮುಗಿಯುವ ಜಾಗ ನೋಡಿಕೊಂಡು, ಅಲ್ಲಿಂದ ಊಟಕ್ಕೆ ಕೂತವು. ಉಪ್ಪಿನ ಕೋಲು ನನ್ನ ಕೈಯಲ್ಲಿತ್ತು. ಆದರೆ ಆ ಮಳೆಯಲ್ಲಿ ಉಪ್ಪೆಲ್ಲ ಕರಗಿ ಇಳಿದುಹೋಗಿ, ಉಳಿದದ್ದು ಬರೀ ಬಟ್ಟೆ.

ಇಷ್ಟಾದರೂ ಭಾವನ ಉತ್ಸಾಹ ಇಳಿಯಲಿಲ್ಲ. ಅದಕ್ಕೆ ಕಾರಣ ಸುರಂಗ. ಕರ್ನಾಟಕದಲ್ಲಿ ಸುರಂಗ ಇಲ್ಲದ ಕೋಟೆಯೇ ಇಲ್ಲ ಅನ್ನುವುದು ಅವರ ನಂಬಿಕೆ. ಯಾವ ಕೋಟೆಗೆ ಹೋದರೂ ಒಂದು ಕತ್ತಲೆ ಮೂಲೆ ತೋರಿಸಿ, "ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ದಾರಿ ಇತ್ತಂತೆ" ಅನ್ನುತ್ತಾರೆ. ಎಲ್ಲಾ ಸುರಂಗಗಳೂ ನಿಜವಾಗಿದ್ದರೆ ಬೆಂಗಳೂರಿನಲ್ಲಿ ಮೆಟ್ರೋಗೆ ಅಂತ ಅಷ್ಟು ವರ್ಷ ನೆಲ ಅಗೆಯುವ ಕಷ್ಟವೇ ಇರುತ್ತಿರಲಿಲ್ಲ. ಇಲ್ಲೂ ಕಾವಲುಗಾರರ ಕೋಣೆಯ ಹಿಂದೆ ಕತ್ತಲೆ ಕಂಡಿತು. ಭಾವ ಮೊಬೈಲ್ ಟಾರ್ಚ್ ಹಾಕಿ ತಲೆ ತೂರಿಸಿದರು. ಒಳಗಿದ್ದ ಬಾವಲಿಗಳೆಲ್ಲ ಒಟ್ಟಿಗೆ ಹೊರಗೆ ಬಂದವು. ಅವುಗಳಿಗಿಂತ ಮೊದಲು ಭಾವ ಬಂದರು.

"ಗಾಳಿ ಆಡ್ತಿದೆ ಒಳಗೆ. ಸುರಂಗನೇ" ಅಂದರು, ತಲೆ ಒರೆಸಿಕೊಳ್ಳುತ್ತಾ.

ಮೇಲೆ ಅರಮನೆ ಇದ್ದ ಜಾಗಕ್ಕೆ ಬಂದೆವು. ಈಗ ಉಳಿದಿರುವುದು ಕಲ್ಲಿನ ತಳಪಾಯ, ಮೆಟ್ಟಿಲು, ನೀರಿನ ಕೊಳ. ಅಡುಗೆಮನೆ ಇದ್ದಲ್ಲಿ ಒಂದು ಕಲ್ಲಿನ ಒಲೆ. ಇಡೀ ಬೆಟ್ಟದಲ್ಲಿ ಅಮ್ಮನಿಗೆ ಇಷ್ಟವಾದದ್ದು ಅದೊಂದೇ. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಒಲೆಯನ್ನು ಸುತ್ತ ಬಗ್ಗಿ ನೋಡಿದರು. ಸೌದೆ ಎಲ್ಲಿಂದ ಇಡುತ್ತಿದ್ದರು, ಬೂದಿ ಎಲ್ಲಿ ತೆಗೆಯುತ್ತಿದ್ದರು ಅಂತ ಲೆಕ್ಕ ಹಾಕಿದರು.

"ಅಳಿಯಂದ್ರೇ, ಇಷ್ಟು ಮೇಲಕ್ಕೆ ಅಕ್ಕಿ ಹೊತ್ಕೊಂಡು ಬರ್ತಿದ್ದೋರು ಯಾರು?"

ಭಾವ ಕಾಯುತ್ತಿದ್ದದ್ದೇ ಇದಕ್ಕೆ. ಕೆಳದಿಯ ಶಿವಪ್ಪನಾಯಕನ ಶಿಸ್ತು, ಅಂದರೆ ಅವನ ಕಂದಾಯ ಪದ್ಧತಿಯ ಬಗ್ಗೆ ಶುರು ಮಾಡಿದರು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ಜಮೀನನ್ನು ಅಳತೆ ಮಾಡಿಸಿ, ಮಣ್ಣಿನ ಗುಣ ನೋಡಿ ದರ್ಜೆ ಮಾಡಿಸಿ, ಬೆಳೆಯ ಮೂರರಲ್ಲೊಂದು ಪಾಲು ಕಂದಾಯ ಅಂತ ನಿಗದಿ ಮಾಡಿದ. ಎಷ್ಟು ಒಳ್ಳೆ ಪದ್ಧತಿ, ಎಷ್ಟು ನ್ಯಾಯ, ಅಲ್ವಾ?

ಅಮ್ಮ ಪೂರ್ತಿ ಕೇಳಿಸಿಕೊಂಡರು. "ಅಂದ್ರೆ ಮೂರರಲ್ಲಿ ಒಂದು ಪಾಲೂ ಕೊಟ್ಟು, ಅದನ್ನ ಬೆಟ್ಟಕ್ಕೂ ಅವರೇ ಹೊರಬೇಕಿತ್ತಾ?"

ಇದಕ್ಕೆ ಭಾವನ ಹತ್ತಿರ ಉತ್ತರ ಇರಲಿಲ್ಲ. ಪುಳಿಯೋಗರೆ ಬ್ಯಾಗನ್ನು ಅಲ್ಲಿವರೆಗೆ ಹೊತ್ತವನು ನಾನಾದ್ದರಿಂದ ನಾನೂ ಅಮ್ಮನ ಕಡೆಗೇ ನಿಂತೆ.

ಮೋಡ ಇಲ್ಲದ ದಿನ ತುದಿಯಿಂದ ಅರಬ್ಬಿ ಸಮುದ್ರ ಕಾಣುತ್ತೆ ಅನ್ನುತ್ತಾರೆ. ನಮಗೆ ಪಕ್ಕದಲ್ಲಿದ್ದ ಅಕ್ಕನೂ ಸರಿಯಾಗಿ ಕಾಣುತ್ತಿರಲಿಲ್ಲ. ಭಾವ ಆ ಮಂಜಿಗೇ ಫೋಟೋ ಹೊಡೆದು, "ಅರಬ್ಬಿ ಸಮುದ್ರ, ಕವಲೇದುರ್ಗದಿಂದ" ಅಂತ ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಹತ್ತು ಜನ ಹಾರ್ಟ್ ಒತ್ತಿದರು.

ಇಳಿದ ಮೇಲೆ ನಗರ ಅನ್ನುವ ಊರಿಗೆ ಹೋದೆವು. ಹಳೇ ಬಿದನೂರು ಅಂದರೆ ಇದೇ. ಇಲ್ಲಿನ ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಬಾಗಿಲ ಎರಡೂ ಕಡೆ ದಪ್ಪನೆಯ ದುಂಡು ಬುರುಜು, ಮುಂದೆ ಕಂದಕ. ಕಾರಿನ ಕಿಟಕಿ ಇಳಿಸಿದರೆ ಸಾಕು, ಕೋಟೆ ನೋಡಿದ ಹಾಗೆ. ಅಕ್ಕ ಕಿಟಕಿ ಇಳಿಸಿ, ನೋಡಿ, ಏರಿಸಿದಳು.

ಹುಡುಗ ಮೊಬೈಲಿನಲ್ಲಿ ಓದಿದ: 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಅಂತ ಹೆಸರಿಟ್ಟ. 1783ರಲ್ಲಿ ಇಂಗ್ಲಿಷರು ಹಿಡಿದರು. ಅದೇ ವರ್ಷ ಟಿಪ್ಪು ವಾಪಸ್ ತೆಗೆದುಕೊಂಡ. ಪಾರ್ಕಿಂಗ್ ಅನುಕೂಲ ಇರುವ ಕೋಟೆಗೆ ಹೀಗೇ ಆಗುವುದು ಅಂತ ನನಗನಿಸಿತು.

"ಅಪ್ಪಾ, ಹಳೇ ಮಂತ್ರಿ ಒಬ್ಬ ಹೈದರಾಲಿಗೆ ಊರೊಳಗೆ ಬರೋ ಗುಟ್ಟಿನ ದಾರಿ ತೋರಿಸಿದ್ನಂತೆ."

ಭಾವ ಸ್ಟಿಯರಿಂಗ್ ಬಿಟ್ಟು ಹಿಂದಕ್ಕೆ ತಿರುಗಿದರು. "ಕೇಳಿದ್ಯಾ? ಸುರಂಗ!"

"ದಾರಿ ಅಂದಿದ್ದು ಭಾವ. ಸುರಂಗ ಅನ್ನಲಿಲ್ಲ."

"ಗುಟ್ಟಿನ ದಾರಿ ಇನ್ನೇನು, ಹೈವೇನಾ?"

ಹುಡುಗ ಮುಂದೆ ಓದಿದ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಸೆರೆ ಹಿಡಿದು ಮಧುಗಿರಿ ಕೋಟೆಗೆ ಕಳಿಸಿದ. ಭಾವನ ಕಣ್ಣು ಅರಳಿತು. ಮಧುಗಿರಿ ನಮ್ಮ ಬೆಂಗಳೂರಿಗೆ ಹತ್ತಿರ, ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು, ಉಂಬಳ ಇಲ್ಲ, ಪಾಚಿ ಇಲ್ಲ, ಬರೀ ಬೋಳು ಬಂಡೆ, ಮುಂದಿನ ತಿಂಗಳೇ ಹೋಗಿಬಿಡೋಣ ಅಂದರು.

ಅಕ್ಕ ಬೆಳಗ್ಗೆಯಿಂದ ಗಂಡನ ಜೊತೆ ಮಾತಾಡಿರಲಿಲ್ಲ. ಈಗ ಬಾಯಿಬಿಟ್ಟಳು.

"ವೀರಮ್ಮಾಜೀನೇ ತಾನಾಗಿ ಹೋಗಲಿಲ್ಲ ಕಣ್ರೀ. ಸೆರೆ ಹಿಡಿದು ಕರ್ಕೊಂಡು ಹೋದ್ರು. ನನ್ನನ್ನ ಕರ್ಕೊಂಡು ಹೋಗೋಕೂ ಸೈನ್ಯ ತನ್ನಿ."