ಸಾಕ್ಷಿ ಹೇಳೋಕೆ ಬರದ ಊರಿನವನು

ಈ ವರ್ಷ, 2026ರಲ್ಲಿ, ಶಿವರಾತ್ರಿ ಫೆಬ್ರುವರಿ 15ರ ಭಾನುವಾರ ಬಂತು. ಮಾರನೇ ದಿನ ಬೆಳಿಗ್ಗೆ ನಾನು ಅಂಗಮಾಲಿಯಿಂದ ಕೊಚ್ಚಿಗೆ ಕೆಲಸಕ್ಕೆ ಹೊರಟಿದ್ದೆ. ಆಲುವಾದಲ್ಲಿ ಬಸ್ಸು ನಿಂತಿತು. ಪೆರಿಯಾರ್ ಹೊಳೆಯ ಮರಳ ದಂಡೆಯಲ್ಲಿ ರಾತ್ರಿಯೆಲ್ಲ ಜಾಗರಣೆ ಮಾಡಿ, ಹಿರಿಯರಿಗೆ ಪಿಂಡ ಬಿಟ್ಟು ಬಂದ ಜನ ಒದ್ದೆ ಪಂಚೆಯಲ್ಲೇ ಹತ್ತಿದರು. ಪಕ್ಕ ಕೂತ ಯಜಮಾನರ ಹಣೆಯಲ್ಲಿ ಭಸ್ಮ. ನನ್ನ ಹಣೆಯಲ್ಲೂ ಬೂದಿ. ಆರೂವರೆ ಪೂಜೆಯಲ್ಲಿ ಫಾದರ್ ಹಚ್ಚಿದ ಶಿಲುಬೆ ಗುರುತು ಇನ್ನೂ ಅಳಿಸಿರಲಿಲ್ಲ. ಅವರು ನನ್ನ ಹಣೆ ನೋಡಿದರು, ನಾನು ಅವರದು ನೋಡಿದೆ. ಅವರು ಜರುಗಿ ಜಾಗ ಮಾಡಿಕೊಟ್ಟರು, ಅಷ್ಟೇ.

ನಾನು ಕನಕಪುರದ ಕಡೆಯ ಕಥೋಲಿಕ. ನಮ್ಮಲ್ಲಿ ತಪಸ್ಸು ಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಶುರುವಾಗುವುದು ಬುಧವಾರ, ವಿಭೂತಿ ಬುಧವಾರ. ಇಲ್ಲಿನ ಸುರಿಯಾನಿ ಕ್ರೈಸ್ತರಿಗೆ ಎರಡು ದಿನ ಮೊದಲೇ, ಸೋಮವಾರ. ಅವರದೂ ವಿಭೂತಿಯೇ. ಮೊದಲ ವರ್ಷ ನಾನು ಬುಧವಾರ ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಲ್ಲೋಣ ಅಂದರೆ ಸಾಲೇ ಇಲ್ಲ! ಕಪ್ಯಾರ್ ನಕ್ಕು, "ಅದೆಲ್ಲ ಮುಗಿದುಹೋಯ್ತಲ್ಲ ಸಾರ್" ಅಂದ. ಕಪ್ಯಾರ್ ಅಂದರೆ ಗುಡಿಯ ದೀಪ, ಗಂಟೆ ನೋಡಿಕೊಳ್ಳುವವನು. ಇಲ್ಲೇ ಇರುವ, ನಮ್ಮದೇ ಪದ್ಧತಿಯ ಲ್ಯಾಟಿನ್ ಪಂಗಡದವರ ಚರ್ಚಿಗೆ ಹೋಗಿದ್ದರೆ ಬುಧವಾರವೇ ಸಿಗುತ್ತಿತ್ತು. ಅದು ಆಮೇಲೆ ಗೊತ್ತಾಯಿತು. ಹತ್ತಿರದ್ದು ಇದು ಅಂತ ಇದಕ್ಕೇ ಒಗ್ಗಿಕೊಂಡೆ.

ಈ ಐವತ್ತು ದಿನಕ್ಕೆ ಇಲ್ಲಿನವರು ಹೇಳುವುದು ಅಂಬತು ನೋಂಬು. ಆ ಮಾತು ಕೇಳಿದಾಗಲೆಲ್ಲ ನನಗೆ ನಮ್ಮ ಜೈನರ ವ್ರತ, ನೋಂಪಿ, ನೆನಪಾಗುತ್ತದೆ. ನಾವು ಕನ್ನಡದ ಕ್ರೈಸ್ತರು ಆ ಹಳೇ ಪದ ಬಿಟ್ಟು ತಪಸ್ಸು ಹಿಡಿದೆವು. ಮಾತು ದೊಡ್ಡದಾಯಿತು, ಆಚರಣೆ ಚಿಕ್ಕದಾಯಿತು. ಸುಳ್ಳಾ? ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡು ದಿನ ಒಂದೊತ್ತು, ಉಳಿದ ಶುಕ್ರವಾರ ಮಾಂಸ ಇಲ್ಲ. ನಮ್ಮನೆಯಲ್ಲಿ ಆ ದಿನ ಮುದ್ದೆ, ಹುರುಳಿ ಬಸ್ಸಾರು. ನಿಜ ಹೇಳಬೇಕೆಂದರೆ ಅದು ಕೋಳಿ ಸಾರಿಗಿಂತ ರುಚಿ. ಹಾಗಾಗಿ ತ್ಯಾಗ ಅಂತ ಎಣಿಸೋಕೇ ಆಗಲ್ಲ. ಇಲ್ಲಿ ಹಾಗಲ್ಲ. ಹಿಂದೆ ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲ ಐವತ್ತು ದಿನವೂ ಬಿಡುತ್ತಿದ್ದರು. ಈಗ ಸಡಿಲವಾಗಿದೆ, ಆದರೂ ದನದ ಮಾಂಸವಿಲ್ಲದೆ ಭಾನುವಾರ ಕಳೆಯದ ಮನೆಗಳು ಏಳು ವಾರ ಮಾವಿನಕಾಯಿ ಸಾರಿನಲ್ಲಿ ಕಳೆಯುವುದನ್ನು ನಾನೇ ನೋಡಿದ್ದೇನೆ. ನೋಂಬು ಶುರುವಾಗುವ ಹಿಂದಿನ ದಿನದ ಭಾನುವಾರ, ಪೇತ್ತುರ್ತಾ ಅನ್ನುತ್ತಾರೆ, ಮಾಂಸದಂಗಡಿ ಮುಂದೆ ನಮ್ಮ ಹೊಸತೊಡಕಿನ ಹಾಗೆ ಕ್ಯೂ.

ಊಟದ ಲೆಕ್ಕ ಬಿಡಿ. ನನಗೆ ಒಗ್ಗಿಕೊಳ್ಳೋಕೆ ನಿಜಕ್ಕೂ ಕಷ್ಟವಾಗಿದ್ದು ಇಲ್ಲಿನವರ ಮಾತು.

ಇಲ್ಲಿ ಪ್ರತಿ ಚರ್ಚನ್ನೂ ಇಪ್ಪತ್ತು ಮೂವತ್ತು ಮನೆಗಳ ಕುಟುಂಬ ಯೂನಿಟ್ಟುಗಳಾಗಿ ಹಂಚಿರುತ್ತಾರೆ. ನೋಂಬಿನಲ್ಲಿ ಮನೆಯಿಂದ ಮನೆಗೆ ಪ್ರಾರ್ಥನೆ. ಜಪಸರ ಆದಮೇಲೆ ಯಾರಾದರೂ ಎದ್ದು ಸಾಕ್ಷ್ಯ ಹೇಳುತ್ತಾರೆ. ದೇವರು ನನ್ನ ಬಾಳಲ್ಲಿ ಹೀಗೆ ಬಂದ, ಹೀಗೆ ಎತ್ತಿದ ಅಂತ. ಚಾಲಕುಡಿ ಹತ್ತಿರ ಮುರಿಂಗೂರಿನಲ್ಲಿ ದೊಡ್ಡ ಧ್ಯಾನಕೇಂದ್ರವೇ ಇದೆ. ವಾರವಿಡೀ ಧ್ಯಾನಕೂಟ, ಹಲವು ಭಾಷೆಗಳಲ್ಲಿ. ಕನ್ನಡದ ಕೂಟಕ್ಕೆ ನಮ್ಮ ಕಡೆಯಿಂದಲೂ ಜನ ಬರುತ್ತಾರೆ. ಸಾವಿರ ಜನರ ಮುಂದೆ ಮೈಕ್ ಹಿಡಿದು ತನ್ನ ಕುಡಿತ, ಸಾಲ, ಹೆಂಡತಿಗೆ ಹೊಡೆದಿದ್ದು ಎಲ್ಲ ಹೇಳುವವರಿದ್ದಾರೆ. ಕೊನೆಗೆ ಎಲ್ಲರೂ ಕೈಯೆತ್ತಿ ಅಲ್ಲೆಲೂಯ. ನಮ್ಮಲ್ಲಾದರೆ ತಪಸ್ಸು ಕಾಲ ಪೂರ್ತಿ ಪೂಜೆಯಲ್ಲಿ ಅಲ್ಲೆಲೂಯ ಬಾಯಿಗೆ ಬರಬಾರದು. ಪಾಸ್ಖದ, ಅಂದರೆ ಈಸ್ಟರಿನ, ಹಿಂದಿನ ರಾತ್ರಿಯೇ ಮತ್ತೆ ಹಾಡುವುದು.

ನನ್ನೂರಲ್ಲಿ ಯಾರೂ ತಮ್ಮ ನಂಬಿಕೆಯ ಕಥೆ ಹೇಳಿದ್ದು ನಾನು ಕೇಳಿಲ್ಲ. ಸಾಕ್ಷಿ ಅಂದರೆ ಜಮೀನು ಕೇಸಿನಲ್ಲಿ ಹೇಳುವುದು. ಅಪ್ಪ ಅರವತ್ತು ವರ್ಷ ಭಾನುವಾರದ ಪೂಜೆ ತಪ್ಪಿಸಲಿಲ್ಲ, ಆದರೆ ದೇವರ ಬಗ್ಗೆ ನನ್ನ ಹತ್ತಿರ ಒಂದು ಮಾತು ಆಡಿದವರಲ್ಲ. ನಾವು ಹೇಳುವುದಿದ್ದರೆ ಅದು ನಾಟಕದಲ್ಲಿ. ಹಾರೋಬೆಲೆಯಲ್ಲಿ ಶುಭ ಶುಕ್ರವಾರದ ಹೊತ್ತಿಗೆ ನಡೆಯುವ ಯೇಸುವಿನ ಪಾಡುಗಳ ನಾಟಕಕ್ಕೆ ನೂರು ವರ್ಷ ದಾಟಿದೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಕೈ ಅವತ್ತು ಶಿಲುಬೆ ಹೊರುತ್ತದೆ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೇನೆ. ಚಾಟಿ ಏಟಿನ ಹೊತ್ತಿಗೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಅಪ್ಪನ ಹೆಗಲು ಅಲುಗಿದ್ದು ನನಗೆ ಗೊತ್ತಾಯಿತು. ಮನೆಗೆ ಬರುವಾಗ ಅವರು ಮಾತಾಡಿದ್ದು ಸೌಂಡ್ ಸಿಸ್ಟಮ್ ಬಗ್ಗೆ. ನಮ್ಮ ಜನ ಅಳುವುದು ಇನ್ನೊಬ್ಬರ ಪಾಡಿಗೆ, ತಮ್ಮ ಪಾಡಿಗಲ್ಲ.

ಇಲ್ಲಿನವರಿಗೂ ಅಂಥದ್ದು ಇಲ್ಲ ಅಂತಲ್ಲ. ಅರ್ಣೋಸ್ ಪಾದ್ರಿ ಅಂತ ಒಬ್ಬ ಜರ್ಮನ್ ಯೇಸುಸಭೆಯವನು (ಜೆಸ್ವಿಟ್ ಪಾದ್ರಿ), 1732ರಲ್ಲಿ ಇಲ್ಲೇ ತೀರಿಕೊಂಡ. ಮಲಯಾಳಂ ಕಲಿತು ಪುತ್ತನ್ ಪಾನ ಅನ್ನುವ ಕಾವ್ಯ ಬರೆದ. ನೋಂಬಿನ ಸಂಜೆ ಹಳೇ ಮನೆಗಳಲ್ಲಿ ಅಜ್ಜಿಯರು ಅದರಲ್ಲಿನ ಮಾತೆ ಮರಿಯಳ ಗೋಳನ್ನು ರಾಗವಾಗಿ ಓದುತ್ತಾರೆ. ಸಾವಿನ ಮನೆಯಲ್ಲೂ ಅದೇ. ಅದನ್ನು ಕೇಳುವಾಗ ನಾನು ಊರಲ್ಲೇ ಇದ್ದೇನೆ ಅನಿಸುತ್ತದೆ. ಸಾಕ್ಷ್ಯ ಕೇಳುವಾಗ ಮಾತ್ರ ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಹುಡುಕುತ್ತೇನೆ. ಹೇಳುವವನೇ ಹೀರೋ ಆಗಿಬಿಡುತ್ತಾನೆ ಅನ್ನುವುದು ನನ್ನ ತಕರಾರು. ಬೂದಿ ಹಚ್ಚುವ ದಿನ ನಮ್ಮ ಚರ್ಚುಗಳಲ್ಲಿ ಓದುವ ಮತ್ತಾಯನ ಶುಭಸಂದೇಶ ನೋಡಿ: ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ. ಇದನ್ನು ಓದಿ ಮುಗಿಸಿ ಐದು ನಿಮಿಷಕ್ಕೆ ಎಲ್ಲರ ಹಣೆಗೂ ಕಾಣುವ ಹಾಗೆ ಬೂದಿ ಬಳಿಯುತ್ತೇವೆ. ಅದೂ ಒಂದು ತಮಾಷೆಯೇ.

ಇನ್ನೊಂದು ತೊಂದರೆ: ಸಾಕ್ಷ್ಯಕ್ಕೆ ಒಂದು ಪತನ ಬೇಕು. ನನಗೆ ಅದೂ ಇಲ್ಲ. ಕುಡಿತವಿಲ್ಲ, ಯಾವ ಫಾದರ್ ಜೊತೆಗೂ ಜಗಳವಿಲ್ಲ. ಇಲ್ಲಿಗೆ ಬಂದ ಮೇಲೆ ಒಂದು ಭಾನುವಾರ ಮಳೆ ಅಂತ ಹೋಗಲಿಲ್ಲ, ಇನ್ನೊಂದು ಭಾನುವಾರ ನಿದ್ದೆ ಅಂತ. ಹಾಗೇ ಮೂರು ವರ್ಷ. ಸುಮ್ನೆ ಬಿಟ್ಟುಹೋಯಿತು. ಶಿಲುಬೆ ಹಾದಿಯ ಪುಸ್ತಕ ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿ ಉಳಿಯಿತು. ಇದನ್ನು ಮೈಕಿನಲ್ಲಿ ಏನಂತ ಹೇಳುವುದು?

2022ರ ನವೆಂಬರಿನಲ್ಲಿ ಅಪ್ಪ ಹೋದರು. ಊರಿಗೆ ಹೋಗಿ ಮಣ್ಣು ಮಾಡಿ ಬಂದೆ. ಮುಂದಿನ ಏಪ್ರಿಲ್ 6, ಪವಿತ್ರ ಗುರುವಾರ. ಇಲ್ಲಿ ಅವತ್ತು ರಾತ್ರಿ ಮನೆಮನೆಯಲ್ಲೂ ಪೆಸಹಾ, ಯೇಸುವಿನ ಕೊನೆಯ ಊಟದ ನೆನಪು. ಅಕ್ಕಿಹಿಟ್ಟು, ರುಬ್ಬಿದ ಉದ್ದು, ತೆಂಗಿನಕಾಯಿ ಸೇರಿಸಿ, ಹುದುಗು ಬರಲು ಬಿಡದೆ ಹಬೆಯಲ್ಲಿ ಬೇಯಿಸಿದ ಅಪ್ಪಂ. ಅದರ ಮೇಲೆ ಗರಿಗಳ ಭಾನುವಾರ ತಂದ ಗರಿಯ ಪುಟ್ಟ ಶಿಲುಬೆ. ಜೊತೆಗೆ ಬೆಲ್ಲ, ತೆಂಗಿನ ಹಾಲಿನ ಪಾಯಸದಂಥ ಪಾಲ್. ಮನೆಯ ಹಿರಿಯ ಪ್ರಾರ್ಥನೆ ಹೇಳಿ ಮುರಿದು ಎಲ್ಲರಿಗೂ ಹಂಚಬೇಕು. ನಮಗೆ ಅದರ ಗೊಡವೆಯೇ ಇಲ್ಲ. ನಾನು ಬರ್ಮುಡಾದಲ್ಲಿ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದೆ.

ಎಂಟು ಗಂಟೆಗೆ ಬೆಲ್ ಆಯಿತು. ಪಕ್ಕದ ಮನೆಯ ಅಮ್ಮಚ್ಚಿ. ಎಪ್ಪತ್ತು ದಾಟಿದವರು, ಇಲ್ಲಿನ ಹಳೇ ಕ್ರೈಸ್ತ ಹೆಂಗಸರು ಉಡುವ ಬಿಳಿ ಚಟ್ಟೆ ಮುಂಡು, ಒಂದು ಕೈಯಲ್ಲಿ ಬಾಳೆಲೆ ಮುಚ್ಚಿದ ಸ್ಟೀಲ್ ತಟ್ಟೆ, ಇನ್ನೊಂದರಲ್ಲಿ ಹಿಡಿಕೆಯ ತೂಕುಪಾತ್ರೆ. "ಸಾವಾದ ಮನೆಯಲ್ಲಿ ಈ ವರ್ಷ ಅಪ್ಪಂ ಮಾಡಬಾರದು ಮೋನೇ. ಅದಕ್ಕೆ ತಂದೆ" ಅಂದರು. ಇಲ್ಲಿನ ಪದ್ಧತಿ ಅದು. ಸೂತಕದ ಮನೆಗೆ ನೆಂಟರೋ ನೆರೆಯವರೋ ತಂದುಕೊಡಬೇಕು. ನಾನು ಯಾವ ವರ್ಷವೂ ಮಾಡುವವನಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಈ ವರ್ಷ ಮಾಡಬಾರದು ಅಂದರು. ಐನೂರು ಕಿಲೋಮೀಟರ್ ಆಚೆ ಮಣ್ಣಾದ ನನ್ನ ಅಪ್ಪನ ಸಾವು ಅವರ ಲೆಕ್ಕದಲ್ಲಿ ಇಲ್ಲಿ ಆದದ್ದು, ಈ ಬೀದಿಯಲ್ಲಿ.

ಹೆಂಡತಿ ತಟ್ಟೆ ಇಸಿದುಕೊಂಡಳು. ಎಲೆ ತೆಗೆದರೆ ಬಿಡದಿಯ ತಟ್ಟೆ ಇಡ್ಲಿ ಉಬ್ಬೋದು ಮರೆತ ಹಾಗಿತ್ತು. ಯಾರು ಮುರಿಯಬೇಕು ಅಂತ ಅವಳು ನನ್ನ ಮುಖ ನೋಡಿದಳು. ಆಗಲೇ ನನಗೆ ಹೊಳೆದದ್ದು, ಈಗ ಈ ಮನೆಯ ಹಿರಿಯ ನಾನೇ ಅಂತ. ಎದ್ದು ಪ್ಯಾಂಟು ಹಾಕಿಕೊಂಡು ಬಂದೆ. ಮಲಯಾಳಂ ಪ್ರಾರ್ಥನೆ ಬಾರದು. ಕನ್ನಡದಲ್ಲಿ ಪರಲೋಕ ಪ್ರಾರ್ಥನೆ ಶುರುಮಾಡಿದೆ, ನಡುವೆ ಒಂದು ಸಾಲು ಮರೆತುಹೋಯಿತು. ಮಗಳು ನೆನಪಿಸಿದಳು. ಊರಿನ ಬೇಸಿಗೆ ರಜೆಯಲ್ಲಿ ಅಪ್ಪನೇ ಅವಳಿಗೆ ಕಲಿಸಿದ್ದರಂತೆ. ಫೋನ್ ಮಾಡಿದಾಗ ಅಮ್ಮ ಅಂದಿದ್ದು ಇಷ್ಟೇ: "ನಮ್ಮಲ್ಲೂ ಅದೇ ತಾನೇ, ಸಾವಾದ ವರ್ಷ ಒಲೆ ಮೇಲೆ ಬಾಂಡ್ಲಿ ಇಡ್ತೀವಾ? ಪಾತ್ರೆ ಖಾಲಿ ಕಳಿಸಬೇಡ, ಸಕ್ಕರೆ ಹಾಕಿ ಕಳಿಸು."

ಮಾರನೇ ದಿನ ಶುಭ ಶುಕ್ರವಾರ ಚರ್ಚಿಗೆ ಹೋದೆ. ಹಾಗಲಕಾಯಿ ರಸ ಒಂದು ಗುಟುಕು ಕುಡಿಸಿದರು, ಗಂಜಿ ಹೆಸರುಕಾಳು ಬಡಿಸಿದರು. ಯಾರೂ ಮೂರು ವರ್ಷ ಎಲ್ಲಿದ್ದೆ ಅಂತ ಕೇಳಲಿಲ್ಲ. ಅದು ನನಗೆ ಹಿಡಿಸಿತು.

ಈ ಸಲದ ನೋಂಬಿನಲ್ಲಿ ಯೂನಿಟ್ ಪ್ರಾರ್ಥನೆ ನಮ್ಮ ಮನೆಯಲ್ಲಿ. ತಪ್ಪಿಸಿಕೊಳ್ಳೋಕೆ ಆಗಲಿಲ್ಲ, ನಾನೇ ಸಾಕ್ಷ್ಯ ಹೇಳಬೇಕಾಯಿತು. ಹರಕುಮುರುಕು ಮಲಯಾಳಂನಲ್ಲಿ ಆ ತಟ್ಟೆಯ ವಿಷಯ ಹೇಳಿದೆ. ಮೂರು ನಿಮಿಷ. ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು. ಕಥೆಯಲ್ಲಿ ನಾನು ಹೀರೋ ಅಲ್ಲದಿದ್ದರೆ ಹೇಳಬಹುದು ಅಂತ ಅಷ್ಟರಲ್ಲಿ ಅನಿಸಿತ್ತು. ಯೂನಿಟ್ ಅಧ್ಯಕ್ಷರು ಕೈಯೆತ್ತಿ ಅಲ್ಲೆಲೂಯ ಅನ್ನಬೇಕು, ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಅಮ್ಮಚ್ಚಿ ಬಾಯಿ ಹಾಕಿದರು.

"ಅದು ನಾನು ಮಾಡಿದ್ದಲ್ಲ, ಸೊಸೆ ಮಾಡಿದ್ದು. ಆ ವರ್ಷ ಉಪ್ಪೇ ಹಾಕಿರಲಿಲ್ಲ. ಇವನು ಒಂದು ಮಾತು ಹೇಳಿದ್ನಾ?"